ಪಾಸ್ಕೋಲ ಹಚ್ಚಿದ ರೋಸ್

1964ರಲ್ಲಿ ನಾನು ಹೊನ್ನಾವರ ತಾಲೂಕಿನಲ್ಲಿ ಕುಷ್ಠರೋಗ ನಿಯಂತ್ರಣದ ನಾನ್-ಮೆಡಿಕಲ್ ಅಸಿಸ್ಟೆಂಟ್ ಆಗಿದ್ದೆ. ಡಾಕ್ಟರಲ್ಲ ಎಂದು ಹುದ್ದೆಯ ಹೆಸರೇ ಹೇಳುತ್ತಿದ್ದರೂ ಊರವರಿಗೆ ನಾನು 'ಡಾಕ್ಟ್ರು'. ತಿದ್ದುವ ಗೋಜಿಗೆ ನಾನೂ ಹೋಗಲಿಲ್ಲ. ಸೈಕಲ್ ಮೇಲೆ ಕೇರಿ ಕೇರಿ ಸುತ್ತಿ ಡ್ಯಾಪ್ಸೋನ್ ಮಾತ್ರೆ ಕೊಡುವುದು, ಸ್ಮಿಯರ್ ತೆಗೆಯುವುದು ನನ್ನ ಕೆಲಸ. ಸ್ಮಿಯರ್ ಎಂದರೆ ಕಿವಿಯ ಹಾಲೆಯನ್ನು ಕೊಂಚ ಗೀರಿ, ಬಂದ ರಸವನ್ನು ಗಾಜಿನ ಮೇಲೆ ಸವರಿ, ರೋಗಾಣು ಇದೆಯೇ ಎಂದು ನೋಡುವ ಪರೀಕ್ಷೆ.

ನಮ್ಮ ಇಗರ್ಜಿಗೆ ಸೇರಿದ ಬಡಗಿ ಪಾಸ್ಕೋಲ ನನ್ನ ರೋಗಿಗಳಲ್ಲೊಬ್ಬ. ಹೆಂಡತಿಯನ್ನೂ ಎಳೆಯ ಮಗಳನ್ನೂ ಬಿಟ್ಟು ಮುಂಬಯಿಗೆ ಓಡಿಹೋಗಿ, ಅಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿ, ರೋಗ ಕಾಣಿಸಿಕೊಂಡ ಮೇಲೆ ವಾಪಸು ಬಂದವನು. ಅಷ್ಟರಲ್ಲಿ ಹೆಂಡತಿ ತೀರಿಕೊಂಡಿದ್ದಳು. ಹೊಳೆದಂಡೆಯ ಗುಡಿಸಲಲ್ಲಿ ಒಬ್ಬನೇ ಇರುತ್ತಿದ್ದ. ಭಾನುವಾರದ ಬಲಿಪೂಜೆಯನ್ನು ಇಗರ್ಜಿಯ ಹೊರಗೆ ನಿಂತೇ ಕೇಳುತ್ತಿದ್ದ. ಮಾಡಿದ್ದನ್ನು ಅನುಭವಿಸುತ್ತಿದ್ದಾನೆ ಎಂದು ಊರು ಆಡಿಕೊಳ್ಳುತ್ತಿತ್ತು. ಮುಂದಿನ ಬೆಂಚಿನಲ್ಲಿ ಮಂಡಿಯೂರುತ್ತಿದ್ದ ನನ್ನ ಅಭಿಪ್ರಾಯವೂ ಅದೇ. ಕುಡಿದವನಲ್ಲ, ಉಪವಾಸ ಮುರಿದವನಲ್ಲ ಎಂಬ ಜಂಬ ನನಗೆ ಸಾಕಷ್ಟಿತ್ತು.

ಆ ವರ್ಷ ಅವನ ಮಗಳು ನತಾಲಿನಳ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವೆಯ ಮುನ್ನಾದಿನ ರೋಸ್ ಶಾಸ್ತ್ರ. ಹಿರಿಯರು ಒಬ್ಬೊಬ್ಬರಾಗಿ ಮದುಮಗಳ ತಲೆಗೆ, ಕೆನ್ನೆಗೆ ತೆಂಗಿನಹಾಲು ಹಚ್ಚಿ ಹರಸುತ್ತಾರೆ. ಹೆತ್ತವರದೇ ಮೊದಲ ಕೈ. ಅವಳನ್ನು ಸಾಕಿದ ಸೋದರಮಾವ ಜುಜೆ ನನ್ನಲ್ಲಿಗೆ ಬಂದ.

"ಪಾಸ್ಕೋಲ ಮುಟ್ಟಿದ್ರೆ ಎಂತ ಆಗ್ತದೆ ಡಾಕ್ಟ್ರೇ? ನೀವೊಂದು ಮಾತು ಹೇಳಿ, ಕರೀತೇನೆ."

ಪಾಸ್ಕೋಲನ ಸ್ಮಿಯರ್ ಮೂರು ಸಲ ನೆಗೆಟಿವ್ ಬಂದಿತ್ತು; ಅವನಿಂದ ಇನ್ನು ರೋಗ ಹರಡುವಂತಿರಲಿಲ್ಲ. ಮೂರನೆಯ ವರದಿ ನನ್ನ ಚೀಲದಲ್ಲೇ ಇತ್ತು. ಆದರೂ, "ಈಗಲೇ ಹೇಳ್ಲಿಕ್ಕೆ ಬರೋದಿಲ್ಲ. ದೂರ ನಿಂತು ನೋಡ್ಲಿ" ಎಂದೆ. ಮಗಳನ್ನು ಬಿಟ್ಟುಹೋದವನಿಗೆ ಈ ಮರ್ಯಾದೆ ಬೇರೆ ಕೇಡು ಎನಿಸಿತ್ತು.

ರೋಸಿನ ಸಂಜೆ ಚಪ್ಪರದ ತುಂಬ ಜನ. ಪಾಸ್ಕೋಲ ಬೇಲಿಯಾಚೆ ನಿಂತಿದ್ದ. ರೋಗ ವಾಸಿಯಾದರೂ ಬೆರಳುಗಳ ಸೊಟ್ಟ ಹೋಗುವುದಿಲ್ಲ; ಆ ಕೈಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡಿದ್ದ. ಜುಜೆ ತೆಂಗಿನಹಾಲಿನ ಬಟ್ಟಲಿಗೆ ಕೈ ಚಾಚಿದಾಗ ನತಾಲಿನ ತಡೆದಳು. ಎಲ್ಲರೆದುರೇ ನನ್ನನ್ನು ಕೇಳಿದಳು:

"ಅಪ್ಪ ಮಾಡಿದ್ದು ನಂಗೆ ಗೊತ್ತದೆ. ಅದನ್ನ ನಾನು, ಅವ್ರು ನೋಡ್ಕೊಳ್ತೇವೆ. ನೀವು ರೋಗದ್ದು ಮಾತ್ರ ಹೇಳಿ. ಅವ್ರಿಂದ ಯಾರಿಗಾದ್ರೂ ಹರಡ್ತದಾ?"

"ಇಲ್ಲ. ವರದಿ ಬಂದು ತಿಂಗಳಾತು" ಎಂದೆ. ಜುಜೆಯ ಮುಖ ಕೆಂಪಾಯಿತು.

ಬೇಲಿಯಾಚೆ ಹೋಗಿ ಪಾಸ್ಕೋಲನ ಕೈ ಹಿಡಿದು ಕರೆತಂದೆ. ವರ್ಷಗಟ್ಟಲೆ ಅವನ ಕಿವಿ ಗೀರಿದ್ದೆ, ಸ್ಪರ್ಶ ತಿಳಿಯುತ್ತದೆಯೇ ಎಂದು ಚರ್ಮಕ್ಕೆ ಪಿನ್ನು ಚುಚ್ಚಿ ನೋಡಿದ್ದೆ. ಕೈ ಹಿಡಿದದ್ದು ಅದೇ ಮೊದಲು. ಸುತ್ತಲಿನವರು ಹಿಂದೆ ಸರಿದದ್ದನ್ನು ಕಂಡು ಅವನು ಬಟ್ಟಲ ಬಳಿ ನಿಂತುಬಿಟ್ಟ.

"ಮೊದಲು ನನಗೆ ಹಚ್ಚು" ಎಂದು ತಲೆ ಬಗ್ಗಿಸಿದೆ. "ನಾನು ತಪ್ಪು ಮಾಡಿದೆ ಪಾಸ್ಕೋಲ. ಬೇಕಂತಲೇ ಮಾಡಿದೆ."

ಅವನು ನನ್ನ ನೆತ್ತಿಗೆ ಹಾಲು ಹಚ್ಚಿದ. "ಆತು ಬಿಡಿ ಡಾಕ್ಟ್ರೇ. ನಾನು ಮಾಡಿದ್ದರ ಮುಂದೆ ಇದೆಂತ" ಎಂದ. ಆಮೇಲೆ ಮಗಳ ಕಡೆ ತಿರುಗಿದ. ಸೊಟ್ಟ ಬೆರಳುಗಳಿಂದಲೇ ಅವಳ ಕೆನ್ನೆಗೆ ಹಚ್ಚಿದ; ಅವಳು ಆ ಕೈಯನ್ನೇ ಹಿಡಿದುಕೊಂಡು ಅತ್ತಳು. ಮುದುಕಿಯೊಬ್ಬಳು ರೋಸಿನ ಹಾಡು ಎತ್ತಿದಳು, ಉಳಿದವರು ದನಿಗೂಡಿಸಿದರು. ನನಗಾದ ನೆಮ್ಮದಿ ಅಷ್ಟಿಷ್ಟಲ್ಲ.

ಆಮೇಲೆ ನಿವೃತ್ತಿಯವರೆಗೂ ವರದಿ ಬಂದ ದಿನವೇ ರೋಗಿಯ ಮನೆಗೆ ಸೈಕಲ್ ತುಳಿದೆ. ರೋಗ ಇದೆಯೋ ಇಲ್ಲವೋ ಎಂದು ಹೇಳುವುದಷ್ಟೇ ನನ್ನ ಹುದ್ದೆಯ ಕೆಲಸ. ಯಾರು ಯೋಗ್ಯರು ಎಂದು ಹೇಳುವ ಅಧಿಕಾರ ಅದರಲ್ಲಿರಲಿಲ್ಲ. ಯೇಸು ಕುಷ್ಠರೋಗಿಯನ್ನು ಮುಟ್ಟಿ ಗುಣಪಡಿಸಿದ ಕಥೆಯನ್ನು ಚಿಕ್ಕಂದಿನಿಂದ ಕೇಳಿದವನು ನಾನು. ಕೇಳಿದಾಗಲೆಲ್ಲ ನನ್ನನ್ನು ಯೇಸುವಿನ ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತಿದ್ದೆ. ಆ ಸಂಜೆ ಮುಟ್ಟಿಸಿಕೊಂಡು ಗುಣವಾದವನು ನಾನು.