ಪಥ್ಯವಿಲ್ಲದ ಮಾತ್ರೆ

ಎಪ್ಪತ್ತರ ದಶಕದ ನಡುವಿನ ಮಾತು. ಮದುವೆಯಾಗಿ ದುರ್ಗದಿಂದ ಬಬ್ಬೂರಿಗೆ ಬಂದಿದ್ದೆ. ನಮ್ಮ ಯಜಮಾನರಿಗೆ ಅಲ್ಲಿನ ಕೃಷಿ ಫಾರಂನಲ್ಲಿ ಕೆಲಸ. ನನಗೆ ನಾಲ್ಕು ಪಾತ್ರೆ ತೊಳೆದರೆ ಮುಗಿದುಹೋಗುವ ಸಂಸಾರ, ಅದರ ಮೇಲೆ ಪಿಯುಸಿ ಓದಿದ್ದೇನೆಂಬ ಜಂಬ. ಹಿರಿಯೂರಿನ ನಿವೃತ್ತ ಡಾಕ್ಟರೊಬ್ಬರು ಪ್ರತಿ ಗುರುವಾರ ಯಲ್ಲದಕೆರೆಯಲ್ಲಿ ಪುಕ್ಕಟೆ ರೋಗಿಗಳನ್ನು ನೋಡುತ್ತಾರೆ, ಚೀಟಿ ಬರೆಯಲು ಯಾರಾದರೂ ಬೇಕಂತೆ ಎಂದು ಕಿವಿಗೆ ಬಿದ್ದಾಗ ಕರೆಯುವ ಮೊದಲೇ ಹೊರಟು ನಿಂತೆ. ಸೇವೆ ಗೀವೆ ಏನಿಲ್ಲ, ಮನೆಯಲ್ಲಿ ಕೂತು ಕೂತು ತಲೆ ಕೆಟ್ಟಿತ್ತು.

ಆಸ್ಪತ್ರೆ ಅಂದರೆ ಊರ ಚಾವಡಿ. ಒಂದು ಮೇಜು, ಒಂದು ಬೆಂಚು, ಸೂಜಿ ಕುದಿಸಲು ಸೀಮೆಎಣ್ಣೆ ಸ್ಟೌ. ಡಾಕ್ಟರು ಹೇಳಿದ ಮಾತ್ರೆಯನ್ನು ಹಳೇ ಪೇಪರಿನಲ್ಲಿ ಪೊಟ್ಟಣ ಕಟ್ಟಿ, ಹೇಗೆ ನುಂಗಬೇಕೆಂದು ತಿಳಿಸಿ ಕೊಡುವುದು ನನ್ನ ಪಾಲಿನ ಕೆಲಸ. ತಿಳಿಸಿ ಹೇಳುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂದೇ ಆಗ ನಂಬಿದ್ದೆ.

ಒಂದು ಗುರುವಾರ ಕುರಿ ಸಾಕುವ ಮನೆಯ ಅತ್ತೆ ಸೊಸೆ ಬಂದರು. ಸೊಸೆಗೆ ಐದು ತಿಂಗಳು. ಹತ್ತು ಹೆಜ್ಜೆ ನಡೆದರೆ ಉಬ್ಬಸ, ಮುಖವೆಲ್ಲ ಬಿಳಚಿಕೊಂಡಿತ್ತು. ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು. "ಮೈಯಲ್ಲಿ ರಕ್ತವೇ ಇಲ್ಲಮ್ಮ. ಹೀಗೇ ಹೆರಿಗೆಗೆ ಹೋದರೆ ಸ್ವಲ್ಪ ರಕ್ತ ಹೋದರೂ ಈ ಹುಡುಗಿ ಉಳಿಯಲ್ಲ. ಇನ್ನು ನಾಲ್ಕು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗಬೇಕು, ಹೊಟ್ಟೆ ತುಂಬ ಉಣ್ಣಬೇಕು. ನಿಮ್ಮ ಜವಾಬ್ದಾರಿ" ಎಂದರು.

ನಾನು ಕಬ್ಬಿಣಾಂಶದ ಕೆಂಪು ಮಾತ್ರೆಗಳನ್ನು ಪೊಟ್ಟಣ ಕಟ್ಟಿ ಕೊಟ್ಟೆ. ಅತ್ತೆ ಅದನ್ನು ಕೈಯಲ್ಲಿ ತೂಗಿ ನೋಡಿ ಕೇಳಿದಳು.

"ಪಥ್ಯ ಏನವ್ವ?"

"ಪಥ್ಯ ಏನೂ ಇಲ್ಲ. ಏನು ಬೇಕಾದ್ರೂ ತಿನ್ನಬಹುದು."

"ಉಪ್ಪು?"

"ತಿನ್ನಬಹುದು."

"ಹುಳಿ, ಕಾರ?"

"ಎಲ್ಲಾ ತಿನ್ನಬಹುದಮ್ಮ!" ಎಂದೆ, ದೊಡ್ಡ ಉಪಕಾರ ಮಾಡಿದವಳಂತೆ. ಆಕೆಯ ಮುಖ ಸಪ್ಪಗಾಯಿತು. ಹಿಂದೆ ನಿಂತಿದ್ದ ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮುಂದಿನ ವಾರ ಆಕೆ ಪೊಟ್ಟಣವನ್ನು ಬಿಚ್ಚದೆ ಹಾಗೇ ತಂದು ಮೇಜಿನ ಮೇಲಿಟ್ಟಳು. "ಬ್ಯಾರೆ ಯಾರಿಗಾದ್ರೂ ಕೊಡವ್ವ. ಪಥ್ಯ ಇಲ್ದಿದ್ದು ಎಂಥ ಔಸ್ತಿ? ನಮ್ಮ ಕಡೆ ಬೇರಿನ ಔಸ್ತಿ ಕೊಡೋರು ಒಬ್ರು ಅದಾರೆ, ಅದನ್ನೇ ಶುರು ಮಾಡೀವಿ. ನಲವತ್ತು ದಿನ ಉಪ್ಪಿಲ್ಲ, ಬ್ಯಾಳೆ ಇಲ್ಲ, ಒಂದೊತ್ತು ಅನ್ನ. ಅದು ಪಥ್ಯ ಅಂದ್ರೆ."

ಸೊಸೆ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದಳು. ಹೋದ ವಾರಕ್ಕಿಂತ ಇಳಿದುಹೋಗಿದ್ದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿಮ್ಮ ಸೊಸೆ ಸತ್ತರೆ ನೀವೇ ಕೊಂದಂಗೆ!" ಎಂದು ಇಡೀ ಚಾವಡಿ ಕೇಳುವಂತೆ ಕೂಗಾಡಿಬಿಟ್ಟೆ. ಆಕೆ ಸೊಸೆಯ ರಟ್ಟೆ ಹಿಡಿದು ಹೊರಟುಹೋದಳು.

ಡಾಕ್ಟರು ಸ್ಟೌ ಆರಿಸುತ್ತಾ, "ಜಗಳ ನೀವೇ ಗೆದ್ದಿರಿ. ರೋಗಿ ಹೋದಳು" ಎಂದರು. ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮನೆಗೆ ಬಂದು ಪಾತ್ರೆಗಳನ್ನೆಲ್ಲ ದಡಬಡ ಕುಕ್ಕಿದೆ. ನಮ್ಮ ಯಜಮಾನರು ಕಾರಣ ಕೇಳಿದರೆ ಅವರ ಮೇಲೂ ಹರಿಹಾಯ್ದೆ.

ಪಥ್ಯದ ವಿಷಯ ನನಗೇನು ಹೊಸದಲ್ಲ. ದುರ್ಗದಲ್ಲಿ ನಮ್ಮಜ್ಜಿ ಕೆಮ್ಮಿನ ಕಷಾಯಕ್ಕೂ ಮೂರು ದಿನ ಮೊಸರು ಬಂದ್ ಮಾಡುತ್ತಿದ್ದಳು. ಏನನ್ನಾದರೂ ಬಿಡಿಸದ ಔಷಧಿಯನ್ನು ಅವಳೂ ನಂಬುತ್ತಿರಲಿಲ್ಲ. ಇದು ಗೊತ್ತಿದ್ದೂ ಪಥ್ಯ ಇಲ್ಲ ಅಂದಿದ್ದೆನಲ್ಲ, ನನ್ನ ಓದಿಗಿಷ್ಟು ಬೆಂಕಿ ಹಾಕ ಎಂದುಕೊಂಡೆ. ಗುರುವಾರದ ತನಕ ಕಾಯಲಾಗದೆ, ಆಕೆ ಬಿಟ್ಟುಹೋದ ಪೊಟ್ಟಣ ಹಿಡಿದು ಸೋಮವಾರವೇ ಯಲ್ಲದಕೆರೆಯ ಬಸ್ಸು ಹತ್ತಿದೆ.

ಅವರ ಮನೆಯಲ್ಲಿ ಆಗತಾನೇ ಗಂಡಸರ ಊಟ ಮುಗಿದಿತ್ತು. ಸೊಸೆ ಒಲೆಯ ಪಕ್ಕ ಆರಿಹೋದ ಒಂದು ಹಿಡಿ ಅನ್ನವನ್ನು ಸಾರಿಲ್ಲದೆ ನುಂಗುತ್ತಿದ್ದಳು. ಅತ್ತೆ ನನ್ನನ್ನು ನೋಡಿ, "ಬಾರವ್ವ, ಕುಂತ್ಕ" ಎಂದಳು. ಸಿಟ್ಟು ಇಟ್ಟುಕೊಂಡಿರಲಿಲ್ಲ. ಅದರಿಂದ ನನಗೆ ಇನ್ನಷ್ಟು ನಾಚಿಕೆಯಾಯಿತು.

"ಅಮ್ಮ, ಅವತ್ತು ನಾನು ತಪ್ಪು ಹೇಳಿದೆ. ಆ ಮಾತ್ರೆಗೆ ಪಥ್ಯ ಐತೆ. ಬಾಳ ಕಟ್ಟುನಿಟ್ಟು" ಎಂದೆ.

ಆಕೆ ಸೆರಗು ಸರಿಮಾಡಿಕೊಂಡು ಹತ್ತಿರ ಬಂದು ಕೂತಳು.

"ಮಾತ್ರೆ ಹೊಟ್ಟೆಗೆ ಬಿದ್ದ ಮೇಲೆ ಎರಡು ತಾಸು ಟೀ ಮುಟ್ಟಬಾರದು." ಇದು ಡಾಕ್ಟರೇ ಹೇಳಿದ್ದ ಮಾತು.

"ಹಂಗನ್ನು ಮತ್ತೆ!" ಆಕೆಯ ಕಣ್ಣು ಅರಳಿತು. ಉಳಿದದ್ದನ್ನು ನಾನು ಕೂತಲ್ಲೇ ಕಟ್ಟಿ ಹೇಳಿದೆ. ಬೆಳಿಗ್ಗೆ ಒಂದು ಹಿಡಿ ಶೇಂಗಾ, ಒಂದು ಉಂಡೆ ಬೆಲ್ಲ. ಮಧ್ಯಾಹ್ನ ಮುದ್ದೆಗೆ ಸೊಪ್ಪಿನ ಸಾರು, ಉಪ್ಪು ಹಾಕಿಯೇ. ದಿನ ಬಿಟ್ಟು ದಿನ ಮೊಟ್ಟೆ. ಆಮೇಲೆ ಒಲೆಯ ಪಕ್ಕದ ಆ ತಟ್ಟೆಯನ್ನು ನೋಡಿ ಇನ್ನೊಂದು ಸೇರಿಸಿದೆ: "ಬಿಸಿ ಊಟದ ಮೇಲೇನೇ ಮಾತ್ರೆ ನುಂಗಬೇಕು. ಆರಿದ ಅನ್ನ ಆಗಲ್ಲ. ಅದಕ್ಕೆ ಇವಳು ಗಂಡಸರ ಜೊತೆಗೇ ಉಣ್ಣಬೇಕು."

"ಗಂಡಸ್ರ ಜೊತೆಗಾ?"

"ಒಂದು ದಿನ ತಪ್ಪಿದರೂ ಮಾತ್ರೆ ಹಿಡಿಯಲ್ಲ. ಹಿಡಿದರೆ ಮಲ ಕಪ್ಪಗೆ ಹೋಗುತ್ತೆ, ಹೆದರಬೇಡಿ. ಇನ್ನೊಂದು, ಎರಡು ಪಥ್ಯ ಒಟ್ಟಿಗೆ ಮಾಡೋ ಹಂಗಿಲ್ಲ. ಆ ಬೇರು ನಿಲ್ಲಿಸಬೇಕು."

ಆಕೆ ಬೆರಳು ಮಡಚಿ ಒಂದೊಂದನ್ನೂ ಎಣಿಸಿಕೊಂಡಳು. "ಹೊಟ್ಟೆ ತುಂಬ ಉಂಡ್ರೆ ಕೂಸಿಗೆ ಜಾಗ ಸಾಲಲ್ಲ ಅಂತಾರೆ. ಆದ್ರೂ ಪಥ್ಯ ಅಂದ್ಮೇಲೆ ಪಥ್ಯ" ಎಂದಳು.

ಡಾಕ್ಟರಿಗೆ ಹೇಳಿದಾಗ ಅವರು ಕನ್ನಡಕ ತೆಗೆದಿಟ್ಟು ನಕ್ಕರು. ನಗು ಮುಗಿದ ಮೇಲೆ, "ಇದರಲ್ಲಿ ಸುಳ್ಳು ಕಮ್ಮಿನೇ ಇದೆ ಬಿಡಿ" ಎಂದರು.

ಆಕೆಯಂಥ ಕಟ್ಟುನಿಟ್ಟಿನ ನರ್ಸಮ್ಮ ಯಾವ ಆಸ್ಪತ್ರೆಯಲ್ಲೂ ಇರಲಾರಳು. ಪ್ರತಿ ಗುರುವಾರ ಬಂದು ಒಪ್ಪಿಸುತ್ತಿದ್ದಳು: ಮೊಟ್ಟೆ ಆತು, ಸೊಪ್ಪು ಆತು, ಟೀ ಕೇಳಿದ್ಲು, ಕೊಡ್ಲಿಲ್ಲ. ಸೊಸೆ ಅತ್ತೆಯ ಬೆನ್ನ ಹಿಂದಿನಿಂದ, "ಅಕ್ಕಾ, ಶೇಂಗಾ ಕಂಡ್ರೆ ಸಾಕಾಗೈತೆ, ಬಿಡ್ಸಕ್ಕಾ" ಎಂದು ಪಿಸುಗುಟ್ಟುತ್ತಿದ್ದಳು. ಮಾತ್ರೆ ಶುರುವಾದ ಮೂರನೇ ತಿಂಗಳಿಗೆ ಅವಳ ಕಣ್ಣಿನ ರೆಪ್ಪೆಯೊಳಗೆ ಕೆಂಪು ಕಾಣಿಸಿತು. ಡಾಕ್ಟರು ನನ್ನನ್ನು ಕರೆದು ತೋರಿಸಿದರು. ಪರೀಕ್ಷೆಯಲ್ಲಿ ಪಾಸಾದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ದಿನ ತುಂಬಿದ ವಾರ ಇಬ್ಬರೂ ಬರಲಿಲ್ಲ. ಅದರ ಮುಂದಿನ ವಾರ ಅತ್ತೆ ಒಬ್ಬಳೇ ಬರುವುದು ಚಾವಡಿಯ ಬಾಗಿಲಿನಿಂದ ಕಾಣಿಸಿತು. ಕಟ್ಟುತ್ತಿದ್ದ ಪೊಟ್ಟಣ ಕೈಜಾರಿ ಮಾತ್ರೆಗಳೆಲ್ಲ ನೆಲದ ಪಾಲಾದವು. ಆಕೆ ಬಂದು ಬೆಂಚಿನ ಮೇಲೆ ಕೂತು, ಮೊದಲು ನೀರು ಕೇಳಿ ಕುಡಿದಳು.

"ಹೆಣ್ಣು ಕೂಸು. ಗಟ್ಟಿ ಐತೆ. ತಾಯೀನೂ ಎದ್ದು ಓಡಾಡ್ತಾಳೆ" ಎಂದಳು.

ನಾನು ಅಲ್ಲೇ ಕುಸಿದು ಕೂತು, ಮಾತ್ರೆ ಆರಿಸುವ ನೆಪದಲ್ಲಿ ಅತ್ತುಬಿಟ್ಟೆ.

"ಪಥ್ಯ ಹಾಕ್ದೋರೇ ಬಿಡಿಸ್ಬೇಕು. ಅದಕ್ಕೆ ಬಂದೆ" ಎಂದಳು ಆಕೆ.

"ಬಿಡಿಸೋ ಹಂಗಿಲ್ಲಮ್ಮ. ಕೂಸು ಮೊಲೆ ಬಿಡೋ ತನಕ ನಡೀಬೇಕು."

ಆಕೆ ತಲೆಯಾಡಿಸಿದಳು. ಎದ್ದು ಹೋಗಲಿಲ್ಲ. ನೆಲದಲ್ಲಿದ್ದ ಒಂದು ಮಾತ್ರೆ ಎತ್ತಿ ನನ್ನ ಕೈಗಿಡುತ್ತಾ ಹೇಳಿದಳು: "ನಂಗೆ ಮೂರು ಕೂಸು ಹೋದ್ವು. ಮೂರಕ್ಕೂ ಉಪ್ಪು ಬಿಟ್ಟಿದ್ದೆ, ಬ್ಯಾಳೆ ಬಿಟ್ಟಿದ್ದೆ, ಒಂದೊತ್ತು ಉಂಡಿದ್ದೆ. ಇಂಥ ಪಥ್ಯ ಹೇಳೋರು ನಂಗ್ಯಾರೂ ಸಿಗ್ಲಿಲ್ಲ ನೋಡವ್ವ."

ಈಕೆಗೇ 'ನೀವೇ ಕೊಂದಂಗೆ' ಎಂದು ಕೂಗಿದ್ದೆ ನಾನು. ಎದ್ದು ಹೋಗಿ, ಡಾಕ್ಟರು ಮಾಡುವ ಹಾಗೆ ಆಕೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಒಳಗೆ ಬೆಳ್ಳಗಿತ್ತು. ಇಷ್ಟು ತಿಂಗಳು ವಾರವಾರವೂ ಎದುರಿಗೆ ಕೂತಿದ್ದವಳ ರೆಪ್ಪೆಯನ್ನು ನಾನೂ ನೋಡಿರಲಿಲ್ಲ, ಡಾಕ್ಟರೂ ನೋಡಿರಲಿಲ್ಲ.

ಅವರನ್ನು ಕರೆದು ತೋರಿಸಿ, ಅವರು ಹೂಂ ಎಂದ ಮೇಲೆ ಒಂದು ಪೊಟ್ಟಣ ಕಟ್ಟಿದೆ. "ನನಗ್ಯಾಕೆ ಈ ವಯಸ್ನಾಗೆ?" ಎನ್ನುತ್ತಲೇ ಆಕೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬಾಗಿಲ ತನಕ ಹೋದವಳು ತಿರುಗಿ ನಿಂತಳು.

"ನಂಗೂ ಅದೇ ಪಥ್ಯನೇನವ್ವ? ನಾನೂ ಬಿಸೀದೇ ಉಣ್ಬೇಕಾ?"

"ಹೂಂನಮ್ಮ, ನೀವೂ ಬಿಸೀದೇ ಉಣ್ಣಬೇಕು" ಎಂದೆ.