ಮನಮಾಡ ಮುಟ್ಟಿದ ಮೇಲೆ

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಜನವರಿಯ ಒಂದು ಶನಿವಾರ ಬೆಳಿಗ್ಗೆ ನಾಸಿಕ ರೋಡ್ ಸ್ಟೇಷನ್ನಿನಲ್ಲಿ ನಿಂತಿದ್ದೆ. ಹೆಗಲಲ್ಲಿ ಕ್ಯಾಮೆರಾ, ಚೀಲದಲ್ಲಿ ಒಂದು ಜೊತೆ ಬಟ್ಟೆ, ಎರಡು ರಟ್ಟುಗಳ ನಡುವೆ ಇಟ್ಟು ದಾರ ಸುತ್ತಿದ ಒಂದು ಫೋಟೋ. ಆ ಫೋಟೋವನ್ನು ಔರಂಗಾಬಾದಿನ ಒಬ್ಬ ಹೆಣ್ಣುಮಗಳಿಗೆ ಮುಟ್ಟಿಸಬೇಕಿತ್ತು. ಮುಟ್ಟಿಸುವ ಮನಸ್ಸು ಮಾತ್ರ ನನಗೆ ಒಂದಿಷ್ಟೂ ಇರಲಿಲ್ಲ.

ನಾನು ಧಾರವಾಡದ ಕಡೆಯವನು, ಓಝರಿನ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. "ವಾರ ಪೂರ್ತಿ ವಿಮಾನ ಮಾಡ್ತಾನ, ರವಿವಾರ ಬಂತಂದ್ರ ಹೊಗಿ ಕುಡಿಯಾಕ ಓಡ್ತಾನ" ಎಂದು ಜೊತೆಯವರು ನಗುತ್ತಿದ್ದರು. ನಗಲಿ ಬಿಡಿ. ದೇವಳಾಲಿ ಕ್ಯಾಂಪಿನ ಒಂದು ಅಂಗಡಿಯಲ್ಲಿ ಹಳೆಯ ಮಡಚುವ ಕ್ಯಾಮೆರಾ ಕೊಂಡ ದಿನದಿಂದ ಉಗಿ ಎಂಜಿನ್ನುಗಳ ಹುಚ್ಚು ನನಗೆ ಹತ್ತಿತ್ತು. ನಾಸಿಕದ ದೊಡ್ಡ ಹಳಿಗೆ ಆಗಲೇ ವಿದ್ಯುತ್ ತಂತಿ ಬಂದಾಗಿತ್ತು. ಉಗಿ ಬೇಕೆಂದರೆ ಮನಮಾಡಕ್ಕೆ ಹೋಗಿ, ಔರಂಗಾಬಾದಿನ ಮೀಟರ್ ಗೇಜ್ ಗಾಡಿಯನ್ನೇ ಹಿಡಿಯಬೇಕು.

ಹಿಂದಿನ ಶ್ರಾವಣದಲ್ಲಿ ಹಾಗೇ ಹೋಗಿದ್ದೆ. ಡ್ರೈವರ್ ವೀರಭದ್ರಪ್ಪ ಬೀದರ ಕಡೆಯವರು. ನನ್ನ ಬಾಯಲ್ಲಿ ಕನ್ನಡ ಕೇಳಿ ಚಹಾ ಕುಡಿಸಿದ್ದರು. ಕ್ಯಾಮೆರಾ ಎತ್ತಿದೊಡನೆ ಕೈ ಅಡ್ಡ ಹಿಡಿದರು. "ಗಾಡಿ ಹೊಂಡೂ ಮುಂಚೆ ಬ್ಯಾಡ್ರಿ. ನಮ್ಮ ಕಡೆ ಡ್ರೈವರ್ ಮಂದಿ ಯಾರೂ ತಗಸೂದಿಲ್ಲ. ಮುಟ್ಟಿದ ಮ್ಯಾಲೆ ಬೇಕಾದಷ್ಟ ತಕ್ಕೊಳ್ರಿ." ನಾನು ಹೂಂ ಎಂದೆ. ಹೂಂ ಎಂದವನು ಎಂಜಿನ್ನಿಗೆ ನೀರು ತುಂಬುವ ಕಂಬದ ಹಿಂದೆ ನಿಂತು, ಅವರು ಕಿಟಕಿಯಿಂದ ತಲೆ ಹೊರಹಾಕಿದಾಗ ಗುಂಡಿ ಒತ್ತಿಯೇ ಬಿಟ್ಟೆ. ಕಳ್ಳತನವೆಂದರೆ ಕಳ್ಳತನ. ಔರಂಗಾಬಾದ್ ಬರುವಷ್ಟರಲ್ಲಿ ರೋಲು ಖಾಲಿ. ಹಾಗೆಂದು ಹೇಳಿ ನನ್ನ ವಿಳಾಸ ಬರೆದುಕೊಟ್ಟರೆ ಅವರು ನಕ್ಕರು. "ಇನ್ನೊಮ್ಮಿ ಬರ್ರಿ. ನಾ ಎಲ್ಲಿ ಹೋಗ್ತೀನಿ?"

ದೀಪಾವಳಿ ಮುಗಿದ ಮೇಲೆ ಅವರ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಖಾಜಾ ಬರೆದ ಕಾರ್ಡು ಬಂತು. ವೀರಭದ್ರಪ್ಪನವರು ಲಾಸೂರಿನಲ್ಲಿ ಗಾಡಿ ನಿಲ್ಲಿಸಿ, ಬ್ರೇಕು ಹಾಕಿ, ಕೂತಲ್ಲೇ ಎದೆನೋವಿನಿಂದ ತೀರಿಕೊಂಡಿದ್ದರು. ಜೀವಮಾನದಲ್ಲಿ ಒಂದು ಫೋಟೋ ತೆಗೆಸಿಕೊಂಡವರಲ್ಲ. ನೀವು ತೆಗೆದದ್ದೇನಾದರೂ ಇದ್ದರೆ ಅವರ ಹೆಂಡತಿಗೆ ಬೇಕಾಗಿದೆ ಎಂದು ಬರೆದಿದ್ದ. ಪೆಟ್ಟಿಗೆಯಲ್ಲಿ ಹಾಗೇ ಬಿದ್ದಿದ್ದ ರೋಲನ್ನು ಅವತ್ತೇ ತೊಳೆದೆ. ಎಂಜಿನ್ ಇತ್ತು, ಹೊಗೆ ಇತ್ತು, ಕಲ್ಲಿದ್ದಲಿನ ಮೇಲೆ ನಿಂತ ಖಾಜಾ ಇದ್ದ. ಕಿಟಕಿ ಖಾಲಿ ಇತ್ತು.

ಇದು ಕಾರ್ಡಿನಲ್ಲಿ ಬರೆಯುವ ಮಾತಲ್ಲ. ಅದಕ್ಕೇ ಹೊರಟಿದ್ದೆ. ಮನಮಾಡದ ಚಳಿಗೆ ಹಳಿಗಳ ಮೇಲೆ ಮಂಜು ಕೂತಿತ್ತು. ಔರಂಗಾಬಾದಿಗೆ ಮೂರನೇ ದರ್ಜೆಯ ಟಿಕೆಟ್ ತೆಗೆದುಕೊಂಡು ಎಂಜಿನ್ ಕಡೆ ನಡೆದೆ. ಅದೇ ಎಂಜಿನ್, ಅದೇ ಖಾಜಾ. ಡ್ರೈವರ್ ಮಾತ್ರ ಬೇರೆ, ಖಾಕಿ ಟೊಪ್ಪಿಗೆಯ ಮರಾಠಿ ಮನುಷ್ಯ. ಖಾಜಾ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದ.

"ನಿಮ್ಮನ್ನ ನೋಡಿ ಕೆಳಗ ಕುಂತಿರಬೇಕ್ರಿ. ಕ್ಯಾಮೆರಾ ಕಂಡ್ರ ಹಂಗ ಮಾಡ್ತಿದ್ರು."

ಇದ್ದೀತು ಎನಿಸಿತು. ಆದರೆ ಗುಂಡಿ ಒತ್ತುವ ಗಳಿಗೆಯಲ್ಲಿ ಕ್ಯಾಮೆರಾದ ಕಿಂಡಿಯಲ್ಲಿ ನಾನು ಕಂಡದ್ದು ಅವರ ಮುಖವನ್ನೇ. ತಲೆಗೆ ಕೆಂಪು ವಸ್ತ್ರ, ಬಿಸಿಲಿಗೆ ಕಿರಿದು ಮಾಡಿದ ಕಣ್ಣು. ಆ ಕಣ್ಣು ನನ್ನನ್ನೇ ನೋಡುತ್ತಿತ್ತು. ಇದನ್ನು ಖಾಜಾನಿಗೆ ಹೇಳಲಿಲ್ಲ.

ನೂರಾ ಹದಿಮೂರು ಕಿಲೋಮೀಟರ್ ದಾರಿಗೆ ಐದು ತಾಸು ಹಿಡಿಯಿತು. ರೋಟೇಗಾಂವದಲ್ಲಿ ಬಿಸಿ ಭಜಿ ತಿಂದೆ. ಹತ್ತಿ ಕಿತ್ತ ಹೊಲಗಳು, ನಡುನಡುವೆ ಒಂಟಿ ಬೇವಿನಮರ. ಲಾಸೂರಿನಲ್ಲಿ ಗಾಡಿ ನಿಂತಾಗ ಎಂಜಿನ್ ಒಮ್ಮೆ ಕೂಗಿತು, ಸಣ್ಣಗೆ, ಯಾರನ್ನೋ ಕರೆದ ಹಾಗೆ. ಸಿಗ್ನಲ್ ಇನ್ನೂ ಬಿದ್ದಿರಲಿಲ್ಲ, ಕೂಗುವ ಕಾರಣವೇ ಇರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ. ಡ್ರೈವರ್ ಪ್ಲಾಟ್‌ಫಾರ್ಮಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದ, ಖಾಜಾ, ಇನ್ನೊಬ್ಬ ಫೈರ್‌ಮನ್ ಪಕ್ಕದಲ್ಲಿ ನಿಂತಿದ್ದರು, ಎಂಜಿನ್ ಮೇಲೆ ಯಾರೂ ಇರಲಿಲ್ಲ. ಮೂವರೂ ತಿರುಗಿ ನೋಡಲಿಲ್ಲ. ಇದು ದಿನವೂ ಇರುವುದೇ ಎಂಬಂತೆ ಇದ್ದರು.

ವೀರಭದ್ರಪ್ಪನವರ ಹೆಂಡತಿ ಗುರಮ್ಮ ಔರಂಗಾಬಾದ್ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದರು. ಹೋಟೆಲಿನ ಹಿಂದೆಯೇ ಒಂದು ಕೋಣೆ. ವರ್ಷದ ಹೆಣ್ಣುಕೂಸು ಚಾಪೆಯ ಮೇಲೆ ಒಂದು ಚಮಚ ಹಿಡಿದು ಆಡುತ್ತಿತ್ತು. ಗುರಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ದಾರ ಬಿಚ್ಚಿದರು. ಬಹಳ ಹೊತ್ತು ನೋಡಿದರು.

"ಇದರಾಗ ಅವ್ರು ಎಲ್ಲಿ ಅದಾರ್ರಿ?"

ಎಲ್ಲವನ್ನೂ ಹೇಳಿದೆ. ಬೇಡವೆಂದರೂ ತೆಗೆದದ್ದು, ಕಿಂಡಿಯಲ್ಲಿ ಕಂಡದ್ದು, ಫಿಲ್ಮಿನಲ್ಲಿ ಇಲ್ಲದ್ದು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ನನಗ ಅವ್ರ ಮುಖ ನೆನಪದ," ಎಂದರು ಗುರಮ್ಮ. "ಈಕಿಗೆ ಇಲ್ಲ. ನಾಳೆ ದೊಡ್ಡಾಕಿ ಆಗಿ ನಮ್ಮಪ್ಪ ಹ್ಯಾಂಗಿದ್ದ ಅಂತ ಕೇಳಿದ್ರ ಏನ ತೋರಸ್ಲಿ? ಅದಕ್ಕ ಕಾರ್ಡ ಬರಸಿದ್ದೆ."

ಆಮೇಲೆ ಅವರೇ ಕೇಳಿದರು. "ಅವ್ರು ನಿಮಗ ಏನಂದಿದ್ರು?"

"ಮುಟ್ಟಿದ ಮ್ಯಾಲೆ ತಕ್ಕೊಳ್ರಿ ಅಂದಿದ್ರು."

"ಮತ್ತ ಹಂಗ ತಕ್ಕೊಳ್ರಿ. ನಾಳೆ ಅದೇ ಎಂಜಿನ್ ನಿಮ್ಮನ್ನ ಒಯ್ಯೂದು. ಮನಮಾಡ ಮುಟ್ಟಿದ ಮ್ಯಾಲೆ ಒಮ್ಮಿ ತಗೀರಿ. ಮಾತ ಕೊಟ್ಟು ತಪ್ಪೂ ಮನಷಾ ಅಲ್ಲ ಅವ್ರು."

ಆಕೆ ಅತ್ತುಬಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಅಳಲಿಲ್ಲ. ಅಂಗಡಿಯಿಂದ ಏನಾದರೂ ತರಲು ಹೇಳುವ ದನಿಯಲ್ಲಿ ಹೇಳಿ, ಕೂಸನ್ನು ಎತ್ತಿಕೊಂಡರು. ಆಗಲಿ ಎಂದು ಬಂದೆ. ಹುಚ್ಚು ಮಾತು ಎಂದುಕೊಂಡೇ ಬಂದೆ.

ರವಿವಾರ ಬೆಳಗಿನ ಗಾಡಿಯಲ್ಲಿ ಎಂಜಿನ್ನಿನ ಬೆನ್ನಿಗಿದ್ದ ಡಬ್ಬಿಯಲ್ಲೇ ಜಾಗ ಸಿಕ್ಕಿತು. ದೌಲತಾಬಾದಿನ ಕೋಟೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಕಾಣಿಸಿ ಹಿಂದೆ ಬಿತ್ತು. ಹತ್ತು ಗಂಟೆಯ ಹೊತ್ತಿಗೆ ಗಾಡಿಯ ನೆರಳು ಬಲಗಡೆಯ ಬರಡು ಹೊಲದ ಮೇಲೆ ಜೊತೆಗೇ ಓಡುತ್ತಿತ್ತು. ಎಂಜಿನ್ನಿನ ನೆರಳಿನಲ್ಲಿ ಕಿಟಕಿಯಿರುವ ಕಡೆ ಬೆಳಕಿನ ಒಂದು ಚೌಕ. ಚೌಕದಲ್ಲಿ ಒಂದು ತಲೆ, ತಲೆಗೆ ಸುತ್ತಿದ ವಸ್ತ್ರದ ತುದಿ ಗಾಳಿಗೆ ಪಟಪಟ ಹಾರುತ್ತಿತ್ತು. ಡ್ರೈವರನ ತಲೆಯ ಮೇಲೆ ಟೊಪ್ಪಿಗೆ ಇತ್ತು. ಖಾಜಾ ಬರಿದಲೆಯವನು, ಇನ್ನೊಬ್ಬ ಫೈರ್‌ಮನ್ನೂ ಅಷ್ಟೇ. ಹೊರಡುವಾಗ ಮೂವರನ್ನೂ ನೋಡಿದ್ದೆ. ಮುಂದೆ ಮನಮಾಡದವರೆಗೆ ನಾನು ಎಡಗಡೆಯ ಕಿಟಕಿಯಲ್ಲಿ ಕೂತೆ.

ಮನಮಾಡದಲ್ಲಿ ಡ್ರೈವರ್ ಡ್ಯೂಟಿ ಮುಗಿದ ಸಹಿ ಹಾಕಲು ಹೋದ. ಖಾಜಾ ಎಂಜಿನ್ನಿನ ಕೆಳಗೆ ಬೂದಿ ಎಳೆಯುತ್ತಿದ್ದ, ಇನ್ನೊಬ್ಬ ಚಹಾಕ್ಕೆ ಹೋಗಿದ್ದ. ಕಿಟಕಿ ಖಾಲಿ. ರೋಲಿನ ಎಂಟು ಫೋಟೋಗಳಲ್ಲಿ ಒಂದು ಉಳಿದಿತ್ತು. ಕೊಟ್ಟ ಮಾತಿನ ಮುಲಾಜಿಗೆ ನೀರಿನ ಕಂಬದ ಮುಂದೆ ಬಂದು, ಈ ಸಲ ಮರೆಯಾಗದೆ, ಖಾಲಿ ಕಿಟಕಿಗೆ ಕ್ಯಾಮೆರಾ ಹಿಡಿದು ಗುಂಡಿ ಒತ್ತಿದೆ.

ಬುಧವಾರ ರಾತ್ರಿ ಬಚ್ಚಲಮನೆಯಲ್ಲಿ ಪ್ರಿಂಟು ಹಾಕಿದೆ. ಔಷಧದ ತಟ್ಟೆಯಲ್ಲಿ ಮೊದಲು ಕಿಟಕಿಯ ಚೌಕಟ್ಟು ಮೂಡಿತು, ಆಮೇಲೆ ತಲೆಯ ವಸ್ತ್ರ, ಆಮೇಲೆ ಕಿರಿದು ಮಾಡಿದ ಕಣ್ಣು. ಫಿಲ್ಮು ತಿರುಗಿಸಲು ಮರೆತು ಎರಡು ಚಿತ್ರ ಒಂದರ ಮೇಲೊಂದು ಬಿದ್ದಿರಬೇಕೆಂದು ನೆಗೆಟಿವ್ ಎಣಿಸಿದೆ. ಎಂಟಕ್ಕೆ ಎಂಟೂ ಬೇರೆಬೇರೆ ಇದ್ದವು. ಅವರು ಸತ್ತ ಮೇಲೆ ಕೊಂಡ ರೋಲು ಅದು.

ಒಂದೇ ಪ್ರಿಂಟು ತೆಗೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ನನ್ನ ಹತ್ತಿರ ಇಟ್ಟುಕೊಳ್ಳುವ ಧೈರ್ಯ ಇರಲಿಲ್ಲ. ಎಂಟು ದಿನಕ್ಕೆ ಖಾಜಾನ ಕೈಬರಹದ ಕಾರ್ಡು ಬಂತು. ಫೋಟೋಕ್ಕೆ ಕಟ್ಟು ಹಾಕಿಸಿ ಕೂಸಿಗೆ ಕಾಣುವಷ್ಟು ಎತ್ತರದಲ್ಲಿ ತೂಗುಹಾಕಿದ್ದಾರೆ, ಗುರಮ್ಮನವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ ಎಂದಿತ್ತು. ಅದರ ಕೆಳಗೆ ಒಂದೇ ಸಾಲು.

"ಅವ್ರೇ ಅದಾರ್ರಿ. ಖರೇ, ಭಾಳ ಸೊರಗ್ಯಾರ."