ಗಿಡದ ಮೇಲೆ ಕೆಂಪಾಗದ ಟಮಾಟಿ

ಆ ದಿನಗಳಲ್ಲಿ ನಮ್ಮ ಮನೆಯ ಮಟ್ಟಿಗೆ ಟೊಮ್ಯಾಟೊದ ಬಣ್ಣ ಹಸಿರು. ಪೇಟೆಯಲ್ಲಿ ಕೆಂಪಗೆ ಸಿಗುತ್ತಿತ್ತು, ಅಲ್ಲವೆನ್ನುವುದಿಲ್ಲ. ಆದರೆ ನಾಗಪುರದ ನಮ್ಮ ಕಟ್ಟಡದ ಗಚ್ಚಿಯ, ಅಂದರೆ ತಾರಸಿಯ, ಮೇಲೆ ಅವ್ವ ತಗಡಿನ ಡಬ್ಬಿಗಳಲ್ಲಿ ಬೆಳೆಯುತ್ತಿದ್ದ ಟೊಮ್ಯಾಟೊ ಒಂದೇ ಒಂದು ಸಲವೂ ಕೆಂಪಾಗಲಿಲ್ಲ. ಬಾಲ್ಯದ ಬಗ್ಗೆ ಬರೆಯುವವರು ಯಾವುದೋ ವಾಸನೆಯಿಂದ ಶುರು ಮಾಡಿ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ವಾಸನೆ ನನಗೂ ನೆನಪಿದೆ. ಟೊಮ್ಯಾಟೊ ಎಲೆ ಮುಟ್ಟಿದರೆ ಬೆರಳಿಗೆ ಹತ್ತುವ, ಸಾಬೂನು ಹಚ್ಚಿದರೂ ಹೋಗದ ಆ ಕಟು ಹಸಿರು ವಾಸನೆ ನಿಮಗೂ ಗೊತ್ತಿರಬೇಕು. ಆದರೆ ಅದು ಮೂಗಿಗೆ ಬಡಿದಾಗಲೆಲ್ಲ ನನಗೆ ಬರುವುದು ಕಣ್ಣೀರಲ್ಲ, ಸಿಟ್ಟು. ಯಾಕೆಂದು ಹೇಳುತ್ತೇನೆ. ಒಪ್ಪುವುದು ಬಿಡುವುದು ನಿಮ್ಮದು.

ನಮ್ಮದು ಗದಗ ಕಡೆಯ ಮನೆತನ. ಅಪ್ಪ ನಾಗಪುರದಂಚಿನ ವಾಡಿಯ ಒಂದು ಟ್ರಾನ್ಸ್‌ಪೋರ್ಟ್ ಗೋದಾಮಿನಲ್ಲಿ ಸುಪರ್‌ವೈಜರ್. ಲಾರಿಯಿಂದ ಇಳಿಸುವಾಗ ಸೊಟ್ಟಗಾದ ಎಣ್ಣೆ ಡಬ್ಬಿ, ಬಿರುಕು ಬಿಟ್ಟ ನೀಲಿ ಡ್ರಮ್ಮು, ಹಿಡಿಕೆ ಹೋದ ಬಣ್ಣದ ಬಕೀಟು, ಯಾರಿಗೂ ಬೇಡವಾದದ್ದೆಲ್ಲ ಅವನ ಸ್ಕೂಟರಿನ ಹಿಂದೆ ಕೂತು ನಮ್ಮ ಮನೆಗೆ ಬರುತ್ತಿತ್ತು. ಅವ್ವ ಅವುಗಳ ತಳಕ್ಕೆ ಮೊಳೆಯಿಂದ ತೂತು ಹೊಡೆದು ಗಚ್ಚಿಯ ಮೇಲೆ ಸಾಲಾಗಿ ಇಡುತ್ತಿದ್ದಳು. ಮೊದಲ ವರ್ಷ ಬರೀ ಎರೆಮಣ್ಣು ತುಂಬಿದಳು. ನಾಗಪುರದಲ್ಲೂ ಗದಗಿನಂಥದೇ ಕಪ್ಪು ಮಣ್ಣು ಕಂಡು ಅವಳಿಗೆ ತವರಿನವರು ಸಿಕ್ಕಷ್ಟು ಸಂಭ್ರಮ.

"ಇದು ನಮ್ಮೂರ ಮಣ್ಣವಾ. ಇದರಾಗ ಏನ್ ಹಾಕಿದ್ರೂ ಬರತೈತಿ."

ಹೊಲದಲ್ಲಿ ಬರುತ್ತದೆ. ಡಬ್ಬಿಯಲ್ಲಿ ಆ ಮಣ್ಣು ನೀರು ಹಾಕಿದರೆ ಕೆಸರು, ಬಿಟ್ಟರೆ ಇಟ್ಟಿಗೆ. ಸಸಿಗಳ ಬೇರು ಕೊಳೆತು ಹೋದವು. ಮುಂದಿನ ವರ್ಷ ಅವಳು ಕೂಲರಿನ ಹುಲ್ಲಿಗೆ ಕೈ ಹಾಕಿದಳು. ನಮ್ಮಲ್ಲಿ ಬೇಸಗೆಯಿಡೀ ಮನೆಮನೆಯ ಕಿಡಕಿಯಲ್ಲಿ ಗುಡುಗುಡು ಎನ್ನುವ ಕೂಲರುಗಳನ್ನು ಮಳೆ ಹಿಡಿದ ಮೇಲೆ ಬಿಚ್ಚಿ, ಒಳಗಿನ ಹಳೆಯ ಹುಲ್ಲನ್ನು ರಸ್ತೆಬದಿಗೆ ಎಸೆಯುತ್ತಾರೆ. ಅದನ್ನು ಆರಿಸಿ ತರುವ ಕೆಲಸ ನನ್ನದು. ಶಾಲೆಯ ಗೆಳತಿಯರು ಎದುರಾದರೆ ಚೀಲವನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದೆ. ಆ ಹುಲ್ಲು ಹರಿದು, ಸಗಣಿ ಗೊಬ್ಬರ, ಒಂದಿಷ್ಟು ಉಸುಕು ಬೆರೆಸಿದ ಮೇಲೆ ಗಿಡಗಳು ಎಷ್ಟು ಸೊಕ್ಕಿ ಬೆಳೆದವೆಂದರೆ ಊರುಗೋಲು ಸಾಲದೆ ಹಳೆಯ ಕ್ರಿಕೆಟ್ ಸ್ಟಂಪುಗಳನ್ನೂ ನೆಟ್ಟೆವು.

ನಾನು ಎಂಟನೇ ಇಯತ್ತೆಯಲ್ಲಿದ್ದ ಚಳಿಗಾಲವದು. ಗಿಡದ ತುಂಬ ಕಾಯಿ. ಆಗಲೇ ಮುಸುವಗಳು ಬಂದವು.

ಕಪ್ಪು ಮೋರೆಯ, ಉದ್ದ ಬಾಲದ ಈ ಮಂಗಗಳು ನಾಗಪುರದವರಿಗೆ ಹೊಸವಲ್ಲ. ಕಟ್ಟಡದ ಹಿಂದಿನ ಬೇವಿನ ಮರದಿಂದ ಗಚ್ಚಿಗೆ ಒಂದು ನೆಗೆತ. ತಿಂದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ತಿನ್ನುತ್ತಿರಲಿಲ್ಲ! ಸ್ವಲ್ಪ ಬಣ್ಣ ತಿರುಗಿದ್ದನ್ನು ಕಿತ್ತು, ಒಂದು ಸಲ ಕಚ್ಚಿ, ಮೋರೆ ಸೊಟ್ಟ ಮಾಡಿ ಎಸೆದು, ಮುಂದಿನದಕ್ಕೆ ಕೈ ಹಾಕುತ್ತಿದ್ದವು. ಪ್ರತಿಯೊಂದನ್ನೂ ಹೊಸದಾಗಿ ಪರೀಕ್ಷಿಸಬೇಕೆಂಬ ಹಟ. ಅವ್ವ ಕಸಬರಿಗೆ ಹಿಡಿದು ಓಡುತ್ತಿದ್ದಳು, ಆದರೆ ಮೊದಲು ಕಸಬರಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿ ಕೈ ಮುಗಿಯುತ್ತಿದ್ದಳು.

"ಹೋಗಪಾ ಮಾರುತಿ, ಹೋಗು ನನ್ನಪ್ಪಾ... ಹೋಗೋ ನಿನ್ನ ಬಾಯಾಗ ಮಣ್ಣ ಹಾಕ!"

ಹೀಗಾಗಿ ಎಲ್ಲ ಕಾಯಿಗಳನ್ನೂ ಹಸಿರಿದ್ದಾಗಲೇ ಕೀಳುವುದು ನಮ್ಮ ಮನೆಯ ಪದ್ಧತಿಯಾಯಿತು. ಟಮಾಟಿಕಾಯಿ ಚಟ್ನಿ, ಮೇಲೆ ಶೇಂಗಾಪುಡಿ, ಬಿಸಿ ರೊಟ್ಟಿ. ಬಂದವರೆಲ್ಲ ಬೆರಳು ನೆಕ್ಕಿ ಹೊಗಳುತ್ತಿದ್ದರು. ಅವ್ವ ಮಾತ್ರ ಬಡಿಸುತ್ತ ಒಂದು ದಿನ ಅಂದಳು:

"ಒಂದ ಹಣ್ಣ ಗಿಡದ ಮ್ಯಾಲೆ ಕೆಂಪಾಗೂದ ನೋಡಬೇಕು ನಾ. ತಿನ್ನಾಕಲ್ಲ. ನೋಡಾಕ."

"ಕಿತ್ತು ಅಕ್ಕಿ ಡಬ್ಬ್ಯಾಗ ಇಡು, ಕೆಂಪಾಗತೈತಿ. ಎರಡೂ ಒಂದ ಅಲ್ಲೇನು?" ಎಂದೆ.

"ಡಬ್ಬ್ಯಾಗ ಆದ್ರ ಅದು ನಾ ಮಾಡಿದ್ದು. ಗಿಡದ ಮ್ಯಾಲೆ ಆದ್ರ ಅದು ತಾನ ಆಗಿದ್ದು."

ಆ ವರ್ಷವಷ್ಟೇ ಶಾಲೆಯ ವಾದವಿವಾದ ತಂಡಕ್ಕೆ ಸೇರಿದ್ದ ನನಗೆ ಹೀಗೆ ಮಾತಿನಲ್ಲಿ ಸೋಲುವುದು ದೊಡ್ಡ ಅವಮಾನ. ಹಾಗಾಗಿ ಅವ್ವನ ಆ ಒಂದು ಹಣ್ಣು ನನ್ನ ಮೊಕದ್ದಮೆಯಾಯಿತು. "ಬರ್ರಿ ವಕೀಲ್ರ" ಎಂದು ಅಪ್ಪ ಚಾಷ್ಟಿ ಮಾಡುತ್ತಿದ್ದ.

ಮುಸುವಗಳು ಬರುವ ಕಾರಣ ಹುಡುಕಲು ಪತ್ತೇದಾರಿ ಬೇಕಿರಲಿಲ್ಲ. ಮೇಲಿನ ಮನೆಯ ಕಾಳೆ ಕಾಕೂ ಪ್ರತಿ ಶನಿವಾರ ಗಚ್ಚಿಗೆ ಹೋಗಿ "ಯೇ ಯೇ" ಎಂದು ಕೂಗಿ ಅವಕ್ಕೆ ಬಾಳೆಹಣ್ಣು, ಪುಠಾಣಿ, ಬೆಲ್ಲ ಇಡುತ್ತಿದ್ದರು. ಅವರ ಗಂಡ ಕಾಳೆ ಕಾಕಾಗೆ ಹೃದಯದ ಶಸ್ತ್ರಕ್ರಿಯೆ ಆಗಿ ಬದುಕಿ ಬಂದಾಗಿನಿಂದ ಹಿಡಿದ ವ್ರತ. ಶನಿವಾರದ ಊಟಕ್ಕೆ ಬಂದವು ಭಾನುವಾರ, ಸೋಮವಾರ ಕಾಕೂನನ್ನು ಹುಡುಕಿ ಬರುತ್ತಿದ್ದವು. ಕಾಕೂ ಇರುತ್ತಿರಲಿಲ್ಲ. ಟಮಾಟಿ ಇರುತ್ತಿತ್ತು.

ಮೆಟ್ಟಿಲ ಮೇಲೆ ಕಾಕೂನನ್ನು ನಿಲ್ಲಿಸಿ ಮರಾಠಿಯಲ್ಲಿ ಇದನ್ನೆಲ್ಲ ವಿವರಿಸಿದೆ. ಕಾಕಾ ಬದುಕಿದ್ದು ಡಾಕ್ಟರಿಂದಲೋ ಮಂಗಗಳಿಂದಲೋ ಎಂದೂ ಕೇಳಿದೆ. ಅವರು ಸಿಟ್ಟಾಗಿದ್ದರೆ ಎಷ್ಟು ಚೆನ್ನಾಗಿತ್ತು! ನನ್ನ ಗಲ್ಲ ಹಿಂಡಿ, "ಕಿತೀ ಛಾನ್ ಬೋಲತೇ ಗ!" ಎಷ್ಟು ಚಂದ ಮಾತಾಡ್ತೀಯೇ ಎಂದು ಕೈಯಲ್ಲೊಂದು ಬಾಳೆಹಣ್ಣು ಇಟ್ಟು ಮೇಲೆ ಹೋದರು. ಮಂಗಕ್ಕೆ ಕೊಡುವ ಗೊನೆಯದೇ ಹಣ್ಣು.

ಅವ್ವ ಬೈದಳು. "ಹಿರ್ಯಾರ ಜೋಡಿ ವಾದಾ ಮಾಡಬ್ಯಾಡ. ಆಕಿದೂ ತಪ್ಪಿಲ್ಲ."

"ಹಂಗಾರ ಯಾರದ ತಪ್ಪು?"

"ಎಲ್ಲಾದಕ್ಕೂ ತಪ್ಪು ಇರಬೇಕಂತೇನು ಐತಿ?"

ಇಂಥ ಮಾತಿನ ಎದುರು ಯಾವ ವಾದ ನಿಲ್ಲುತ್ತದೆ ಹೇಳಿ.

ಅವ್ವ ತನ್ನ ದಾರಿ ಹಿಡಿದಳು. ಗಿಡಗಳಿಗೆ ಹಳೆಯ ಸೊಳ್ಳೆಪರದೆ ಹೊದಿಸಿದಳು. ಮುಸುವಗಳು ಅದನ್ನು ಹರಿದು ಒಂದು ಮರಿಯ ಕೊರಳಿಗೆ ಸುತ್ತಿಕೊಂಡು ಹೋದವು. ಕೊನೆಗೆ ನೀರಿನ ಟಾಕಿಯ ಹಿಂದಿದ್ದ ನೀಲಿ ಡ್ರಮ್ಮಿನ ಗಿಡದಲ್ಲಿ ಒಂದು ದಪ್ಪ ಕಾಯಿ ಆರಿಸಿ, ಟೊಂಗೆ ಸಮೇತ ಅದನ್ನು ಇಲಿಬೋನಿನೊಳಗೆ ತೂರಿಸಿ, ಬಾಗಿಲನ್ನು ತಂತಿಯಿಂದ ಬಿಗಿದಳು. ಜೈಲಿನಲ್ಲಿ ಕೂತ ಟಮಾಟಿ. ಮುಸುವಗಳು ಬೋನನ್ನು ಅಲ್ಲಾಡಿಸಿ, ಒಳಗೆ ಬೆರಳು ಹಾಕಿ, ಸೋತು ಹೋದವು. ದಿನಾ ಬೆಳಿಗ್ಗೆ ಅವ್ವ ಚಹಾದ ಬಟ್ಟಲು ಹಿಡಿದು ಅದರ ಮುಂದೆ ಕೂರುತ್ತಿದ್ದಳು.

ಅಷ್ಟರಲ್ಲಿ ಕಟ್ಟಡದ ಸೊಸೈಟಿಯ ಸಭೆ ಬಂತು. ಕೆಳಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಕಟಿಂಗ್ ಚಹಾ, ಬಿಸ್ಕೀಟು. ಅವ್ವ ಸಭೆಗಳಿಗೆ ಬರುತ್ತಿರಲಿಲ್ಲ. ಅವಳ ಮರಾಠಿ ಕಾಯಿಪಲ್ಲೆ ಮಾರುವವನ ತನಕ ಸಾಕಾಗುತ್ತಿತ್ತು, ಅಷ್ಟೇ. ಅಪ್ಪನಿಗೆ ಜಗಳ ಬೇಡ. ನಾನು ಎದ್ದು ನಿಂತೆ.

ಚೆನ್ನಾಗಿ ಮಾತಾಡಿದೆ. ವಿನಯದ ಸುಳ್ಳು ಹೇಳುವುದಿಲ್ಲ, ಬಹಳ ಚೆನ್ನಾಗಿ ಮಾತಾಡಿದೆ. ಮಂಗಗಳಿಗೆ ರೂಢಿ ಬೀಳುವುದು ಹೇಗೆ, ಮಕ್ಕಳಿಗೆ ಕಚ್ಚಿದರೆ ಯಾರು ಹೊಣೆ, ಒಬ್ಬರ ಪುಣ್ಯಕ್ಕೆ ಇನ್ನೊಬ್ಬರ ಗಿಡ ಯಾಕೆ ಬಲಿ, ಎಲ್ಲ ಹೇಳಿದೆ. ತೀರ್ಪುಗಾರರ ಮುಂದೆ ಒಂದು ಆಯ್ಕೆ ಇಟ್ಟು ಮುಗಿಸಬೇಕೆಂದು ಶಾಲೆಯ ಮೇಡಂ ಕಲಿಸಿದ್ದರು. ಹಾಗೆಯೇ ಮುಗಿಸಿದೆ: "ಒಂದೇ ಗಚ್ಚಿಯ ಮೇಲೆ ಗಿಡ ಮತ್ತು ಮಂಗ ಎರಡೂ ಇರಲು ಸಾಧ್ಯವಿಲ್ಲ. ಯಾವುದು ಇರಬೇಕು, ನೀವೇ ನಿರ್ಧರಿಸಿ."

ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ಕಾಳೆ ಕಾಕೂದು. ಸೆಕ್ರೆಟರಿ ಕಾಕಾ ಕನ್ನಡಕ ಒರೆಸಿಕೊಂಡು, ಇಪ್ಪತ್ತಾರು ಜನವರಿಗೆ ಝಂಡಾವಂದನ ಆದ ಮೇಲೆ ಭಾಷಣ ಇವಳದೇ ಎಂದು ಘೋಷಿಸಿದರು. ಇನ್ನೊಂದು ಚಪ್ಪಾಳೆ. ಆಮೇಲೆ ಲಿಫ್ಟಿನ ರಿಪೇರಿಯ ವಿಷಯಕ್ಕೆ ಹೋದರು. ಒಬ್ಬರಾದರೂ ನನ್ನ ಒಂದು ಮಾತನ್ನು ಎತ್ತಿ "ಇದು ತಪ್ಪು" ಎನ್ನಲಿಲ್ಲ, "ಇದು ಸರಿ" ಎಂದೂ ಅನ್ನಲಿಲ್ಲ. ನಾನು ವಾದ ಮಾಡಿದ್ದೆ, ಅವರು ಮನರಂಜನೆ ನೋಡಿದ್ದರು.

ಅವ್ವ ಮೆಟ್ಟಿಲ ಬಳಿ ಕಾಯುತ್ತಿದ್ದಳು. ಅಪ್ಪ ಉಬ್ಬಿಹೋಗಿದ್ದ. "ಏನ್ ಮಾತಾಡಿದ್ಲ ಅಂತೀ! ಎಲ್ಲಾರೂ ಗಪ್!"

"ಹೌದಾ? ಮತ್ತ ಏನ್ ಠರೀತು?"

ಅಪ್ಪ ಲಿಫ್ಟಿನ ರಿಪೇರಿಯ ವಿಷಯ ತೆಗೆದ.

ಏನು ನಿರ್ಧಾರವಾಯಿತೆಂಬುದು ಮುಂದಿನ ವಾರ ತಿಳಿಯಿತು. ಸೆಕ್ರೆಟರಿ ಕಾಕಾ ಖುದ್ದು ಮನೆಗೆ ಬಂದು, ಚಹಾ ಕುಡಿದು, ನನ್ನ ತಲೆ ಸವರಿದರು. "ಹುಡುಗಿ ಪಟ್ಟಾಗಿ ಸಾಬೀತು ಮಾಡಿದ್ದಾಳೆ. ಎರಡೂ ಇರಲು ಸಾಧ್ಯವಿಲ್ಲ. ನಾವು ವಿಚಾರ ಮಾಡಿದೆವು. ಹನುಮಂತನಿಗೆ ಬರಬೇಡ ಅನ್ನಲಾಗುತ್ತದೆಯೇ? ಡಬ್ಬಿ ತೆಗೆಯಬಹುದು. ಸಂಕ್ರಾಂತಿಗೆ ಹುಡುಗರು ಗಾಳಿಪಟ ಹಾರಿಸಬೇಕು, ಅಷ್ಟರೊಳಗೆ ಗಚ್ಚಿ ಖಾಲಿಯಾಗಲಿ."

ಬಾಗಿಲಲ್ಲಿ ನಿಂತಿದ್ದ ಅವ್ವ ಅದೇ ಮೊದಲ ಸಲ ಅವರೆದುರು ಬಾಯಿ ತೆರೆದಳು. "ಭಾವೂ... ಥೋಡೇ ದಿವಸ. ಒಂದು ಹಣ್ಣು... ಏಕ್ ಟಮಾಟರ್, ಲಾಲ್ ಹೋತೇ..." ಇನ್ನು ಸ್ವಲ್ಪ ದಿನ, ಕೆಂಪಾಗುತ್ತಿದೆ ಎಂದು.

ಅವರು ನಕ್ಕರು. "ವಹಿನಿ, ಒಂದು ಟಮಾಟರ್ ತಾನೇ! ನಾಳೆ ಪೇಟೆಯಿಂದ ಕಿಲೋಗಟ್ಟಲೆ ಕಳಿಸುತ್ತೇನೆ."

ಇಲ್ಲಿ ನಾನು ಎದೆ ಬಡಿದುಕೊಂಡು ತಪ್ಪಾಯಿತೆನ್ನಬೇಕೆಂದು ಕೆಲವರಿಗೆ ಅನಿಸಬಹುದು. ಅನ್ನುವುದಿಲ್ಲ. ಎರಡರಲ್ಲಿ ಒಂದು ಎಂದು ಹೇಳಿದ್ದು ನಾನು, ಯಾವ ಒಂದು ಎಂದು ಹೇಳಿದ್ದು ಅವರು. ಜನ ತೂಗುವುದು ನ್ಯಾಯವನ್ನಲ್ಲ, ಯಾವುದನ್ನು ಎತ್ತಿ ಕೆಳಗಿಳಿಸುವುದು ಸುಲಭ ಎಂಬುದನ್ನು. ಮಂಗಕ್ಕಿಂತ ಡಬ್ಬಿ ಸುಲಭ. ಸೆಕ್ರೆಟರಿಗಿಂತ ನನ್ನ ಅವ್ವ ಸುಲಭ.

ಡಬ್ಬಿಗಳು ಇಳಿದವು. ನೀಲಿ ಡ್ರಮ್ಮನ್ನು ಅಪ್ಪನೂ ಗೋದಾಮಿನ ಇಬ್ಬರು ಹಮಾಲರೂ ಕೂಸಿನ ತೊಟ್ಟಿಲು ಹೊತ್ತಂತೆ ಹೊತ್ತು ತಂದರು. ಅವ್ವ ಜೊತೆಗೆ ಬೋನನ್ನು ಎರಡೂ ಕೈಯಲ್ಲಿ ಹಿಡಿದು, ಟೊಂಗೆ ಮುರಿಯದಂತೆ ಹಿಂದೆ ಹಿಂದೆ ಇಳಿದಳು. "ಸಾವಕಾಶ, ಸಾವಕಾಶ" ಎನ್ನುತ್ತಿದ್ದಳು. ಟಮಾಟಿಯ ಹಸಿರು ಬಿಳುಪಾಗಿ, ತುದಿಯಲ್ಲಿ ಅರಿಷಿಣದಂಥ ಬಣ್ಣ ಆಗಷ್ಟೇ ಹತ್ತಿತ್ತು.

ನಮ್ಮ ಬಾಲ್ಕನಿಯ ಎದುರಿಗೆ ಪಕ್ಕದ ಕಟ್ಟಡದ ಗೋಡೆ. ಬಿಸಿಲು ಬರುವುದಿಲ್ಲ. ಗಚ್ಚಿಯಲ್ಲಿ "ಕಾಟಾ!" ಎಂದು ಹುಡುಗರು ಗಾಳಿಪಟ ಕತ್ತರಿಸಿ ಕೂಗುವಾಗ ಅವ್ವ ಸ್ಟೀಲಿನ ತಾಟು ಹಿಡಿದು ಎಲ್ಲಿಂದಲೋ ಒಂದು ಚೂರು ಬಿಸಿಲನ್ನು ಬೋನಿನ ಮೇಲೆ ಬೀಳಿಸಲು ನೋಡುತ್ತಿದ್ದಳು. ಕಾಳೆ ಕಾಕೂ ಎಳ್ಳುಂಡೆ ಕೊಡಲು ಬಂದವರು ಇದನ್ನು ನೋಡಿ ಉಂಡೆಗಳನ್ನು ಅಲ್ಲೇ ಇಟ್ಟರು. "ಡಬ್ಬಿ ತೆಗೀರಿ ಅಂತ ನಾನು ಅಂದಿರಲಿಲ್ಲ" ಎಂದಷ್ಟೇ ಹೇಳಿ ಹೋದರು. ಎಲೆಗಳು ಸುರುಳಿ ಸುತ್ತಿದವು. ತೊಟ್ಟು ಬಾಡಿತು. ಟಮಾಟಿ ಅರಿಷಿಣದಿಂದ ಮುಂದೆ ಹೋಗಲಿಲ್ಲ.

ಒಂದು ದಿನ ಶಾಲೆಯಿಂದ ಬಂದಾಗ ಬೋನು ಖಾಲಿಯಾಗಿತ್ತು.

"ಅವ್ವಾ, ಹಣ್ಣೆಲ್ಲಿ?"

"ಸಾರಿನ್ಯಾಗ ಐತಿ. ಕೈ ತೊಳಕೊಂಡ ಬಾ, ಉಣ್ಣು."

ಇಪ್ಪತ್ತಾರರ ಭಾಷಣಕ್ಕೆ ನಾನು ಹೋಗಲಿಲ್ಲ. ಹೊಟ್ಟೆನೋವೆಂದೆ. ಅವ್ವ ಮತ್ತೆ ಸಸಿ ಹಾಕಲಿಲ್ಲ. ಬಾಲ್ಕನಿಯಲ್ಲಿ ಕೊತ್ತಂಬರಿ, ಪುದೀನಾ ಬರುತ್ತದೆ, ಅಷ್ಟು ಸಾಕು ಎಂದಳು.

ಈಗ ನಾನು ನಾಗಪುರದ ಮಿಹಾನ್ ಉದ್ಯಮ ವಲಯದ ಒಂದು ಕಂಪನಿಯಲ್ಲಿದ್ದೇನೆ. ಮನೆ ಅದೇ. ಕಳೆದ ಬೇಸಗೆಯಲ್ಲಿ ರಜೆಯ ದಿನ ಅವ್ವನ ಜೊತೆ ಸಂಡಿಗೆ ಹಾಕಲು ಗಚ್ಚಿಗೆ ಹೋಗಿದ್ದೆ. ಅರ್ಧ ಜಾಗ ಸೋಲಾರ್ ಪ್ಯಾನಲ್ಲುಗಳದು. ರಸ್ತೆ ಅಗಲವಾಗುವಾಗ ಹಿಂದಿನ ಬೇವಿನ ಮರ ಹೋಯಿತು. ಅದರ ಜೊತೆ ಮುಸುವಗಳ ದಾರಿಯೂ ಹೋಯಿತು. ಕಾಳೆ ಕಾಕೂ ಮೆಟ್ಟಿಲ ಕಠಡಾ ಹಿಡಿದು ಮೆಲ್ಲಗೆ ಹತ್ತಿ ಬಂದು, ಸಂಡಿಗೆಗೆ ಕೈ ಹಚ್ಚುತ್ತ, ಯಾವ ಪೀಠಿಕೆಯೂ ಇಲ್ಲದೆ ಅಂದರು: "ತೂ ಬರೋಬರ್ ಬೋಲಲೀ ಹೋತೀ ಬೇಟಾ." ಆವತ್ತು ನೀನು ಹೇಳಿದ್ದೇ ಸರಿ.

ಇಷ್ಟು ವರ್ಷ ಕಾದಿದ್ದ ಮಾತು. ಎದುರಾಳಿ ಒಪ್ಪಿದ ಮೇಲೆ ಬಾಯಿ ಮುಚ್ಚಬೇಕೆಂಬುದು ವಾದದ ಮೊದಲ ಪಾಠ. ನನಗೆ ಮುಚ್ಚಲಾಗಲಿಲ್ಲ.

"ಇಲ್ಲ ಕಾಕೂ. ಎರಡೂ ಇರಬಹುದಿತ್ತು."

"ಕಸಂ ಗ?" ಹೇಗೆ, ಹೇಳು.

ನೋಡಿ, ಇದೇ ಪ್ರಶ್ನೆಯನ್ನು ಆವತ್ತು ಆ ಪಾರ್ಕಿಂಗಿನಲ್ಲಿ ಒಬ್ಬರಾದರೂ ಕೇಳಿದ್ದರೆ! ಬಾಳೆಹಣ್ಣನ್ನು ಕೆಳಗೆ, ಬೇವಿನ ಬುಡದ ಕಂಪೌಂಡಿನ ಮೇಲೆ ಇಡಬಹುದಿತ್ತು, ಡಬ್ಬಿಗಳನ್ನು ಈ ಕಡೆಗೆ ಸರಿಸಿ ಸುತ್ತ ತಂತಿಯ ಜಾಳಿಗೆ ಬಡಿಯಬಹುದಿತ್ತು ಎಂದೆ. ಹಾಗೆ ಮಾಡಿದರೂ ಅವು ಹತ್ತಿ ಬರುತ್ತಿದ್ದವು ಎಂದು ಕಾಕೂ ವಾದಿಸಿದರು.

"ಬರ್ಲಿ, ನಾ ಕೋಲ ಹಿಡದ ಇಲ್ಲೇ ಕೂಡತಿದ್ದೆ" ಎಂದಳು ಅವ್ವ.

ನಾನು ಅದನ್ನು ಮರಾಠಿಗೆ ತಿರುಗಿಸಿದೆ. ಕಾಕೂ ತಲೆ ಅಲ್ಲಾಡಿಸಿದರು. "ಕೋಲು ಯಾಕೆ? ನಾನೂ ಕೂರುತ್ತಿದ್ದೆ. ನನ್ನ ದನಿ ಅವಕ್ಕೆ ಗೊತ್ತಿತ್ತು."

ಹಿಟ್ಟಿನ ಪಾತೇಲಿ ಖಾಲಿಯಾಗುವುದರೊಳಗೆ ಎರಡೂ ಇರಬಹುದಿತ್ತೆಂದು ಮೂವರೂ ಒಪ್ಪಿದ್ದೆವು. ಸಂಡಿಗೆಯನ್ನು ಬಟ್ಟೆಯ ಮೇಲೆ ಬಿಸಿಲಿಗೆ ಬಿಟ್ಟು ಕೆಳಗೆ ಬಂದೆವು. ಕಾಯಲು ಅಲ್ಲಿ ಯಾರೂ ಕೂರಬೇಕಾಗಿರಲಿಲ್ಲ.